ಅಣ್ಣನ ಪರವಾಗಿ ಪೋರ್ಚುಗಲ್‌ಗೆ

ಚಾಮರಾಜಪೇಟೆಯ ವಾದಿರಾಜ ಸಾವಿರದ ಒಂಬೈನೂರ ತೊಂಬತ್ತೇಳರ ಬೇಸಿಗೆಯಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳ ಹಳ್ಳಿಗಾಡನ್ನು ಸೈಕಲ್ ತುಳಿದು ದಾಟಿದ್ದು ನಿಜ. ಬೂರ್ಗೋಸ್ ಎಂಬ ಊರಿನಿಂದ ಅಟ್ಲಾಂಟಿಕ್ ಸಮುದ್ರದವರೆಗೆ ಏಳುನೂರ ಎಂಬತ್ತು ಕಿಲೋಮೀಟರು. ಆ ಅಷ್ಟೂ ದಿನ ಅವನು ರಾತ್ರಿಯ ಸಾರು ಅನ್ನವನ್ನು ಮನೆಯಲ್ಲೇ ಉಂಡದ್ದೂ ನಿಜ. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂದು ಕೇಳುವವರು ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಲ್ಲ. ಮಾಡಿದವರಿಗೆ ಇದೊಂದು ದೊಡ್ಡ ವಿಷಯವೇ ಅಲ್ಲ.

ಈ ಪ್ರವಾಸ ವಾದಿರಾಜನದಲ್ಲ, ಅವನ ಅಣ್ಣ ಶೀನಣ್ಣನದು. ಶೀನಣ್ಣ ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವರು. ಮದುವೆಯಾಗಲಿಲ್ಲ. ತಂದೆ ತೀರಿಕೊಂಡಾಗ ಏಳು ವರ್ಷದವನಾಗಿದ್ದ ತಮ್ಮನನ್ನು ಸ್ನಾನ ಮಾಡಿಸಿ, ತಲೆ ಬಾಚಿ, ಓದಿಸಿ, ಕೆಲಸಕ್ಕೆ ಸೇರಿಸಿ, ಮದುವೆ ಮಾಡಿ, ಆಮೇಲೆ ಅವನ ಮನೆಯಲ್ಲೇ ಒಂದು ಕೋಣೆಯಲ್ಲಿ ಉಳಿದರು. ಪ್ರತಿವರ್ಷ ಯೂರೋಪಿನ ನಕ್ಷೆ ತೂಗುಹಾಕಿ, ಕೋಲನ್ನು ಎಡತುದಿಗೆ ಒತ್ತಿ, “ಪೋರ್ಚುಗಲ್‌ನ ಕಾಬೊ ದ ರೋಕಾ. ಯೂರೋಪಿನ ನೆಲ ಇಲ್ಲಿಗೆ ಮುಗೀತು,” ಎಂದು ಹೇಳುತ್ತಿದ್ದರು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ, “ನೀವು ನೋಡಿದೀರಾ ಸಾರ್?” ಎಂದು ಕೇಳಿಬಿಟ್ಟ. ಹೊಸೂರು ದಾಟಿರದ ಶೀನಣ್ಣ ಕೋಲು ಕೆಳಗಿಳಿಸಿ, “ರಿಟೈರ್ ಆದ್ಮೇಲೆ ಸೈಕಲ್ಲಲ್ಲಿ ಹೋಗ್ತೀನಿ,” ಎಂದರು. ಮಕ್ಕಳಿಗೆ ಕೊಟ್ಟ ಮಾತು. ಅಂದಿನಿಂದ ಅಲ್ಲಿನ ಹಳ್ಳಿಯ ಕಾಲುದಾರಿ, ಛತ್ರ, ಬಾವಿ ಎಲ್ಲ ಗುರುತು ಮಾಡಿರುವ ನಕ್ಷೆಗಳನ್ನು ಅಂಚೆಯಲ್ಲಿ ತರಿಸಿಕೊಂಡರು, ಪಾಸ್‌ಪೋರ್ಟ್ ಮಾಡಿಸಿದರು, ಸೈಕಲ್ಲಿಗೆ ಹೊಸ ಟೈರು ಹಾಕಿಸಿದರು. ಇನ್ನೇನು ಹೊರಡಬೇಕು ಅನ್ನುವ ಹೊತ್ತಿಗೆ, ಸಂಕ್ರಾಂತಿಯ ಮಾರನೆಯ ದಿನ, ಲಕ್ವ ಹೊಡೆಯಿತು. ಬಲಗೈ ಬಲಗಾಲು ಹೋದವು. ಬಾಯಿ ನಿಧಾನವಾಯಿತು, ಆದರೆ ಮೇಷ್ಟರ ಬಾಯಿಯಾಗಿಯೇ ಉಳಿಯಿತು. ಇನ್ನೊಂದು ಸಲ ಹೊಡೆದರೆ ಉಳಿಯುವುದು ಕಷ್ಟ, ಅದು ಯಾವಾಗ ಬೇಕಾದರೂ ಬರಬಹುದು ಎಂದು ಡಾಕ್ಟರು ವಾದಿರಾಜನನ್ನು ಪಕ್ಕಕ್ಕೆ ಕರೆದು ಹೇಳಿದರು.

ವಾದಿರಾಜ ದ್ವಿತೀಯ ದರ್ಜೆ ಗುಮಾಸ್ತ. ಎಡ ಯಾವುದು ಬಲ ಯಾವುದು ತಿಳಿಯಬೇಕಾದರೆ ಊಟ ಮಾಡುವ ಕೈಯನ್ನು ಒಮ್ಮೆ ಎತ್ತಿ ನೋಡಿಕೊಳ್ಳುವವನು. ಪಕ್ಕದ ತರಗುಪೇಟೆಗೆ ತೊಗರಿಬೇಳೆ ತರಲು ಹೋಗಿ ಓಕಳಿಪುರಂನಲ್ಲಿ ನಿಂತು ದಾರಿ ಕೇಳಿದ ಕೀರ್ತಿ ಅವನಿಗಿದೆ. ಇಂಥವನು ಒಂದು ಬೆಳಿಗ್ಗೆ ಅಣ್ಣನ ಸೈಕಲ್ಲನ್ನು ಹಿತ್ತಲಿಗೆ ತಂದು, ಅಣ್ಣನ ಕಿಟಕಿಯ ಎದುರಿಗೆ ಸ್ಟ್ಯಾಂಡ್ ಹಾಕಿ, ಹತ್ತಿ ಕೂತು, “ಅಣ್ಣಾ, ನಿನ್ನ ಬದಲು ನಾನು ತುಳೀತೀನಿ. ದಾರಿ ನೀನು ಹೇಳು,” ಎಂದ. ಶೀನಣ್ಣ ಎಡಗೈಯಿಂದ ದಿಂಬಿನ ಕೆಳಗಿನ ನಕ್ಷೆ ಎಳೆದರು. “ಮೊದ್ಲು ಬ್ರೇಕು ನೋಡ್ಕೋ,” ಎಂದರು.

ಹಿಂದಿನ ಚಕ್ರಕ್ಕೆ ಕಿಲೋಮೀಟರು ಎಣಿಸುವ ಮೀಟರು ಕಟ್ಟಿದರು. ಶೀನಣ್ಣನ ಪ್ರವಾಸದಲ್ಲಿ ಮೋಸಕ್ಕೆ ಜಾಗವಿರಲಿಲ್ಲ. ನಕ್ಷೆಯಲ್ಲಿ ಏರು ಬಂದರೆ ಬ್ರೇಕು ಬಿಗಿ ಮಾಡಬೇಕು. ಎದುರುಗಾಳಿಯ ಬಯಲು ಬಂದರೆ ಟೇಬಲ್ ಫ್ಯಾನನ್ನು ಮುಖದ ಮುಂದಿಟ್ಟು ಮೂರರಲ್ಲಿ ಹಾಕಬೇಕು. ಮಧ್ಯಾಹ್ನ ಎರಡರಿಂದ ನಾಲ್ಕು ಸ್ಪೇನಿನವರು ಮಲಗುತ್ತಾರಾದ್ದರಿಂದ ಆಗ ತುಳಿಯಕೂಡದು. ಬೆಟ್ಟದ ಮೇಲೆ ಮಳೆ ಎಂದು ಅವರು ಓದಿದ ದಿನ, ಸ್ವಲ್ಪ ನೀರು ಚಿಮುಕಿಸಮ್ಮ ಎಂದು ವಾದಿರಾಜನ ಹೆಂಡತಿ ಪ್ರಿಯಂವದಾಳನ್ನು ಕೇಳಿದರು. ಪ್ರಿಯಂವದಾ ಎಂದರೆ ಹಿತವಾಗಿ ಮಾತಾಡುವವಳು ಎಂದರ್ಥ, ಹೆಸರಿಟ್ಟವರು ಆತುರಪಟ್ಟಿದ್ದರು. ಇಪ್ಪತ್ತು ವರ್ಷದ ಸಂಸಾರದ ಲೆಕ್ಕವೆಲ್ಲ ಸೇರಿಸಿ ಅವಳು ಒಂದು ಬಕೆಟ್ ಪೂರ್ತಿ ಗಂಡನ ತಲೆಯ ಮೇಲೆ ಸುರಿದಳು. “ಸಾಕಾ ಭಾವ, ಇನ್ನೂ ಮಳೆ ಇದೆಯಾ?” ಎಂದು ಕೇಳಿದಳು. ಲಕ್ವ ಹೊಡೆದ ಮೇಲೆ ಶೀನಣ್ಣ ನಕ್ಕದ್ದು ಅದೇ ಮೊದಲು.

ಬೆಳಗಿನ ಹೊತ್ತು ಕಚೇರಿಗೆ ಮೊದಲು ಎಂಟು ಕಿಲೋಮೀಟರು ಆಗುತ್ತಿತ್ತು. ಏಪ್ರಿಲ್ ಮುಗಿದರೂ ಅವರಿನ್ನೂ ಸ್ಪೇನ್ ದಾಟಿರಲಿಲ್ಲ. ಶೀನಣ್ಣನ ಮುಖದ ಬಲಭಾಗ ಇನ್ನಷ್ಟು ಇಳಿದಿತ್ತು. ಈ ಲೆಕ್ಕದಲ್ಲಿ ಹೋದರೆ ಸಮುದ್ರ ಮೊದಲೋ ಡಾಕ್ಟರು ಹೇಳಿದ್ದು ಮೊದಲೋ ಎಂದು ವಾದಿರಾಜನಿಗೆ ಭಯವಾಯಿತು. ಇಪ್ಪತ್ತು ದಿನ ರಜೆ ಹಾಕಲು ನಿರ್ಧರಿಸಿದ.

ಲೋಕದ ಎಲ್ಲ ಗುಮಾಸ್ತರಂತೆ ಅವನೂ ಜ್ವರ ಎಂದು ಬರೆದಿದ್ದರೆ ಈ ಕಥೆ ಹಿತ್ತಲಲ್ಲೇ ಮುಗಿಯುತ್ತಿತ್ತು. ಆದರೆ ಅರ್ಜಿಯನ್ನು ಅಣ್ಣನಿಗೆ ಓದಿ ಹೇಳಿದ. “ಜ್ವರ ಎಲ್ಲಿದ್ಯೋ ನಿಂಗೆ?” ಎಂದರು ಶೀನಣ್ಣ. “ರಜಾ ಚೀಟೀಲಿ ಸುಳ್ಳು ಬರೆದ ಹುಡುಗನ್ನ ನಾನು ಬೆಂಚ್ ಮೇಲೆ ನಿಲ್ಲಿಸ್ತಿದ್ದೆ. ಇದ್ದದ್ದು ಬರಿ.” ವಾದಿರಾಜ ಇದ್ದದ್ದು ಬರೆದ: ಸ್ಪೇನ್ ದೇಶದ ಗಡಿ ದಾಟಿ ಪೋರ್ಚುಗಲ್ ದೇಶದ ಬೆಟ್ಟಗಳನ್ನು ಸೈಕಲ್ ಮೇಲೆ ಹತ್ತಬೇಕಾಗಿರುವ ನಿಮಿತ್ತ ಇಪ್ಪತ್ತು ದಿನಗಳ ಗಳಿಕೆ ರಜೆ ಮಂಜೂರು ಮಾಡಬೇಕಾಗಿ ವಿನಂತಿ.

ಕಚೇರಿಯ ಸೂಪರಿಂಟೆಂಡೆಂಟ್ ಚಂದ್ರಶೇಖರಯ್ಯನವರು ನಿಷ್ಠಾವಂತರು, ನಿವೃತ್ತಿಗೆ ಎಂಟು ತಿಂಗಳಿತ್ತು. ಅರ್ಜಿಯ ಮೇಲೆ ‘ಮಾನ್ಯರೇ’ ಎಂದೂ ಕೆಳಗೆ ‘ತಮ್ಮ ವಿಶ್ವಾಸಿ’ ಎಂದೂ ಇದ್ದರೆ ನಡುವಿನದನ್ನು ಓದುವುದು ಅರ್ಜಿದಾರನ ಮೇಲೆ ಅಪನಂಬಿಕೆ ತೋರಿಸಿದಂತೆ ಎಂದು ಅವರ ಭಾವನೆ. ಸಹಿ ಹಾಕಿದರು.

ಆಮೇಲೆ ಪ್ರವಾಸಕ್ಕೆ ವೇಗ ಬಂತು. ದಿನಕ್ಕೆ ಇಪ್ಪತ್ತೈದು, ಕೆಲವು ದಿನ ಮೂವತ್ತು. ಹೂವಿನ ಪಿಳ್ಳಮ್ಮ ಬೆಳಿಗ್ಗೆ ಹಿತ್ತಲ ಬಾಗಿಲಿಗೆ ಮೊಳ ಹಾಕಲು ಬಂದವಳು ಬುಟ್ಟಿ ಕೆಳಗಿಟ್ಟು, “ಈವತ್ತು ಯಾವೂರು ಸ್ವಾಮಿ?” ಎಂದು ಕೇಳುವುದು ರೂಢಿಯಾಯಿತು. ಶೀನಣ್ಣ ಕಿಟಕಿಯಿಂದಲೇ ಅವಳಿಗೆ ಊರು, ಬೆಳೆ, ಮಣ್ಣಿನ ಬಣ್ಣ ಎಲ್ಲ ಹೇಳುತ್ತಿದ್ದರು. ಆಲಿವ್ ಎಂದರೆ ಹಿಪ್ಪೆ ಇದ್ದ ಹಾಗೆ, ಎಣ್ಣೆ ತೆಗೆಯುತ್ತಾರೆ ಎಂದು ಪಾಠವಾಯಿತು. ಪಿಳ್ಳಮ್ಮ ಕೇಳಿಸಿಕೊಂಡು ಹೋಗಿ ಮುಂದಿನ ನಾಲ್ಕು ಮನೆಗಳಿಗೆ ಹೂವಿನ ಜೊತೆ ಪೋರ್ಚುಗಲ್ಲನ್ನೂ ಹಂಚಿದಳು.

ಅದು ಬಡಾವಣೆಯ ನಾಗರಿಕ ಸಂಘದ ಕಾರ್ಯದರ್ಶಿ ಮಹಾನಂದ ಅವರ ಕಿವಿಗೆ ಬಿತ್ತು. ಮಹಾನಂದ ಯಾರಿಗಾದರೂ ಶಾಲು ಹೊದಿಸದೆ ಮೂರು ತಿಂಗಳಾಗಿತ್ತು, ಕೈ ಕಡಿಯುತ್ತಿತ್ತು. ಒಂದು ಬೆಳಿಗ್ಗೆ ಬಂದು ಮುಂಬಾಗಿಲು ತಟ್ಟಿದರು.

“ವಾದಿರಾಜ್ ಅವರು ಇದಾರಾ ತಾಯಿ?”

ಪ್ರಿಯಂವದಾಳ ಒಲೆಯ ಮೇಲೆ ಹಾಲಿತ್ತು. ಹಿತ್ತಲಲ್ಲಿ ಗಂಡ ಬನಿಯನ್ನಿನಲ್ಲಿ ಬೆವರು ಸುರಿಸುತ್ತ ಫ್ಯಾನಿನ ವಿರುದ್ಧ ಹೋರಾಡುತ್ತಿದ್ದ. “ಪೋರ್ಚುಗಲ್‌ಗೆ ಹೋಗಿದಾರೆ,” ಎಂದಳು.

“ಯಾವಾಗ ಬರ್ತಾರೆ?”

“ಸಮುದ್ರ ಸಿಕ್ಕಿದ್ಮೇಲೆ.”

ಇಷ್ಟು ನೇರವಾಗಿ ಹೇಳಿದ್ದನ್ನು ಅನುಮಾನಿಸಲು ಮಹಾನಂದ ಅವರಿಗೆ ಕಾರಣವಿರಲಿಲ್ಲ. ಸಂಜೆಯೊಳಗೆ ಸುದ್ದಿ ಸಂಘದ ಕರಿಹಲಗೆಯ ಮೇಲೆ ಬಂತು. ಮೂರನೆಯ ದಿನ ಸಂಜೆಯ ಪತ್ರಿಕೆಯೊಂದರ ಮೂಲೆಯಲ್ಲಿ ಬಂತು: ‘ಸೈಕಲ್ ಮೇಲೆ ಪೋರ್ಚುಗಲ್, ಚಾಮರಾಜಪೇಟೆ ಸರ್ಕಾರಿ ನೌಕರರ ಸಾಹಸ, ಹಿಂತಿರುಗಿದ ನಂತರ ಸನ್ಮಾನ.’ ವಾದಿರಾಜನ ಷಷ್ಟಿಪೂರ್ತಿಗೂ ಬರದೆ ಇರಬಹುದಾಗಿದ್ದ ಅತ್ತೆಯ ಕಡೆಯವರು ಮತ್ತಿಕೆರೆಯಿಂದ ಬಂದು, ಅಳಿಯ ಹೇಳದೆ ಕೇಳದೆ ವಿದೇಶಕ್ಕೆ ಹೋದ ಎಂದು ಪ್ರಿಯಂವದಾಳನ್ನು ತಬ್ಬಿಕೊಂಡು ಅತ್ತರು. ಅಳುವಿನ ನಡುವೆ ಅಳಿಯನೇ ಟವೆಲಿನಲ್ಲಿ ಕತ್ತು ಒರೆಸಿಕೊಳ್ಳುತ್ತ ನೀರು ಕುಡಿಯಲು ಬಂದ. ಅವರಿಗೆ ಸಮಾಧಾನವಾಗುವ ಬದಲು ಇನ್ನಷ್ಟು ಬೇಸರವಾಯಿತು.

ಪತ್ರಿಕೆಯ ತುಂಡು ಕಚೇರಿಗೂ ಹೋಯಿತು. ಸರ್ಕಾರಿ ನೌಕರ ವಿದೇಶಕ್ಕೆ ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕು. ಇವನಿಗೆ ಅನುಮತಿ ಕೊಟ್ಟವರು ಯಾರು ಎಂದು ಮೇಲಿನವರು ಕೇಳಿದರು. ಕಡತ ತೆಗೆದು ನೋಡಿದರೆ ಬೆಟ್ಟ, ಗಡಿ, ಸೈಕಲ್ಲು ಎಲ್ಲದರ ಕೆಳಗೆ ಚಂದ್ರಶೇಖರಯ್ಯನವರ ಮುದ್ದಾದ ಸಹಿ. ಆವತ್ತು ಅವರು ಊಟದ ಡಬ್ಬಿ ಬಿಚ್ಚಲಿಲ್ಲ. ಮಾರನೆಯ ಬೆಳಿಗ್ಗೆ ಕಡತವನ್ನೂ ಸ್ಟಾಂಪ್ ಪ್ಯಾಡನ್ನೂ ಚೀಲಕ್ಕೆ ಹಾಕಿಕೊಂಡು ಚಾಮರಾಜಪೇಟೆಗೆ ಬಂದರು.

ಆ ಹೊತ್ತಿಗೆ ಮೀಟರು ಏಳುನೂರ ಇಪ್ಪತ್ತೆರಡು ತೋರಿಸುತ್ತಿತ್ತು. ತೇಜೊ ನದಿಯ ದಡದಲ್ಲಿ ವಿಲಾ ಫ್ರಾಂಕಾ ಎಂಬ ಊರು. ಸಮುದ್ರಕ್ಕೆ ಇನ್ನು ಐವತ್ತೆಂಟೇ ಕಿಲೋಮೀಟರು.

ಚಂದ್ರಶೇಖರಯ್ಯನವರು ಹಿತ್ತಲಿಗೆ ಬಂದು ಸೈಕಲ್ಲು ನೋಡಿದರು, ಸ್ಟ್ಯಾಂಡು ನೋಡಿದರು, ಫ್ಯಾನು ನೋಡಿದರು. ಅವರ ಮುಖದಲ್ಲಿ ಜೀವ ಬಂತು. “ಅಂದ್ರೆ ನೀವು ಎಲ್ಲಿಗೂ ಹೋಗಿಲ್ಲ,” ಎಂದರು.

ವಾದಿರಾಜ ಕಿಟಕಿಯ ಕಡೆ ನೋಡಿದ. “ಸ್ವಲ್ಪ ಮೆತ್ತಗೆ ಸಾರ್,” ಎಂದ.

“ಯಾಕ್ರೀ ಮೆತ್ತಗೆ? ಜೋರಾಗಿ ಹೇಳ್ಬೇಕಾದ ವಿಷಯ ಇದು. ಹೋಗಿಲ್ಲ ಅಂತ ಒಂದು ಹೇಳಿಕೆ ಬರ್ಕೊಡಿ. ಒಬ್ರು ಸಾಕ್ಷಿ ಸಹಿ ಬೇಕು. ನಿಮ್ಮ ಕೆಲ್ಸ ಉಳಿಯುತ್ತೆ, ನನ್ನ ಪೆನ್ಷನ್ ಉಳಿಯುತ್ತೆ.”

“ಆಮೇಲೆ ಬರ್ಕೊಡ್ತೀನಿ ಸಾರ್. ಇನ್ನು ಎರಡ್ಮೂರು ದಿನ ಬಿಟ್ಟು.”

“ಮಧ್ಯಾಹ್ನದೊಳಗೆ ಕೇಳಿದಾರೆ.”

“ಐವತ್ತೆಂಟು ಕಿಲೋಮೀಟರ್ ಇದೆ ಸಾರ್.”

ಚಂದ್ರಶೇಖರಯ್ಯನವರು ಕೆಟ್ಟವರಲ್ಲ. ಆದರೆ ಮೂವತ್ತೈದು ವರ್ಷದ ಸೇವೆಯಲ್ಲಿ ಇಂಥ ಕಾರಣ ಅವರ ಎದುರಿಗೆ ಬಂದಿರಲಿಲ್ಲ. ಬಂದಿದ್ದರೂ ಅವರು ಓದಿರಲಿಲ್ಲ. ಚೀಲದಿಂದ ಕಡತ ತೆಗೆಯುತ್ತಿದ್ದಾಗ ಕಿಟಕಿಯಿಂದ ನಿಧಾನವಾದ ದನಿ ಬಂತು.

“ಬರ್ಕೊಡು ವಾದಿ.”

“ಅಣ್ಣಾ...”

“ಇದ್ದದ್ದು ತಾನೆ. ಬರ್ಕೊಡು. ಸಾಕ್ಷಿ ನಾನು ಹಾಕ್ತೀನಿ.”

ವಾದಿರಾಜ ಹಿತ್ತಲ ಕಟ್ಟೆಯ ಮೇಲೆ ಕೂತು ಬರೆದ. ನಾನಾಗಲಿ ನನ್ನ ಅಣ್ಣನವರಾಗಲಿ ಸ್ಪೇನ್ ಅಥವಾ ಪೋರ್ಚುಗಲ್ ದೇಶಕ್ಕೆ ಹೋಗಿರುವುದಿಲ್ಲ, ಮನೆಯ ಹಿತ್ತಲಲ್ಲೇ ಇದ್ದೆವು, ಇದು ಸತ್ಯ. ನಿಯಮದ ಪ್ರಕಾರ ಅದನ್ನು ಸಾಕ್ಷಿಗೆ ಓದಿ ಹೇಳಬೇಕು. ಓದಿ ಹೇಳಿದ. ಶೀನಣ್ಣನ ಬಲಗೈ ಸಹಿ ಮಾಡುವ ಹಾಗಿರಲಿಲ್ಲ. ಚಂದ್ರಶೇಖರಯ್ಯನವರು ಸ್ಟಾಂಪ್ ಪ್ಯಾಡ್ ತೆರೆದು, ಆದಷ್ಟೂ ಮರ್ಯಾದೆಯಿಂದ, ಆ ಮೇಷ್ಟರ ಎಡಗೈ ಹೆಬ್ಬೆಟ್ಟನ್ನು ಹಿಡಿದು ಕಾಗದದ ಮೇಲೆ ಒತ್ತಿಸಿದರು. ಸಾವಿರಾರು ಮಕ್ಕಳಿಗೆ ಅಂಕಪಟ್ಟಿ ಬರೆದವರು ಹೆಬ್ಬೆಟ್ಟು ಒತ್ತಿ, ಮಸಿಯನ್ನು ಎಲ್ಲಿ ಒರೆಸಬೇಕೋ ತಿಳಿಯದೆ ಕೈಯನ್ನು ಗಾಳಿಯಲ್ಲೇ ಇಟ್ಟುಕೊಂಡಿದ್ದರು. ಪ್ರಿಯಂವದಾ ತನ್ನ ಸೆರಗಿನಿಂದ ಒರೆಸಿದಳು. ಒಂದು ಮಾತೂ ಆಡಲಿಲ್ಲ. ಅವಳು ಸುಮ್ಮನಿದ್ದದ್ದನ್ನು ಕಂಡು ವಾದಿರಾಜನಿಗೆ ಅಳು ಬಂತು.

ಅಂದು ಮಧ್ಯಾಹ್ನ ವಾದಿರಾಜ ಸೈಕಲ್ ಹತ್ತಿದರೆ ಶೀನಣ್ಣ ಗೋಡೆಯ ಕಡೆ ತಿರುಗಿ ಮಲಗಿದ್ದರು. ನಕ್ಷೆ ಮಡಚಿ ಬದಿಗಿತ್ತು. “ಬಿಡೋ,” ಎಂದರು. “ಎಲ್ಲೂ ಹೋಗಿಲ್ಲ ನಾವು.” ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಊಟ ಎರಡು ತುತ್ತಿಗೆ ಇಳಿಯಿತು. ಮಹಾನಂದ ಬಂದು, ಕರಪತ್ರ ಅಚ್ಚಾಗಿದೆ, ಶಾಲು ಬಂದಿದೆ, ಬಡಾವಣೆಯ ಮಾನ ಹೋಯಿತು ಎಂದು ಮುಂಬಾಗಿಲಲ್ಲಿ ಅರ್ಧ ಗಂಟೆ ನೊಂದುಕೊಂಡರು. ಪಿಳ್ಳಮ್ಮ ಮಾತ್ರ ಹೂವು ಅಳೆದು ಕೊಟ್ಟು, “ಯಾಕ್ ಸ್ವಾಮಿ, ನಿಂತ್ಬುಟ್ರಿ? ದಾರಿ ಸರಿಯಿಲ್ವಾ?” ಎಂದು ಕೇಳಿದಳು.

ನಾಲ್ಕನೆಯ ದಿನ ಅವನು ತಾನೇ ನಕ್ಷೆ ತೆಗೆದುಕೊಂಡು ಹ್ಯಾಂಡಲ್ಲಿನ ಮೇಲೆ ಹರಡಿ ಹೊರಟ. ತಲೆಕೆಳಗಾಗಿ ಹರಡಿಕೊಂಡಿದ್ದ. ಮುಕ್ಕಾಲು ಗಂಟೆ ತುಳಿದು, ಅಣ್ಣನ ಬೆನ್ನಿಗೆ ವರದಿ ಒಪ್ಪಿಸಿದ. “ಅಣ್ಣಾ, ದೊಡ್ಡ ಸೇತುವೆ ದಾಟಿದೆ. ತೇಜೊ ನದಿ ಆಯ್ತು. ಆರು ಕಿಲೋಮೀಟರ್ ಬಂದ್ಬಿಟ್ಟಿದೀನಿ.”

ಗೋಡೆಯ ಕಡೆಯಿಂದ ದನಿ ಬಂತು. “ನದಿ ಯಾಕೋ ದಾಟಿದೆ?”

“ದಾರಿ ಅಲ್ವಾ ಅಣ್ಣಾ?”

“ದಾರಿ ಎಲ್ಲಿಂದ ಬಂತೋ ದಡ್ಡ, ನೀನು ಪೂರ್ವಕ್ಕೆ ಹೋಗ್ತಿದೀಯ. ಸಮುದ್ರ ಪಶ್ಚಿಮಕ್ಕಿದೆ. ವಾಪಸ್ ಬಾ.” ಶೀನಣ್ಣ ಎಡಗೈ ಊರಿ, ಒದ್ದಾಡಿ, ಕಿಟಕಿಯ ಕಡೆ ಹೊರಳಿದರು. “ಕೊಡಿಲ್ಲಿ ನಕ್ಷೆ. ವಾಪಸ್ ಆರು ತುಳಿ. ಅದು ಲೆಕ್ಕಕ್ಕಿಲ್ಲ.”

ಅದು ಉಪಾಯ ಎಂದು ಆಮೇಲೆ ಹಲವರು ವಾದಿರಾಜನನ್ನು ಹೊಗಳಿದರು. ಉಪಾಯ ಮಾಡುವ ಶಕ್ತಿ ಅವನಿಗಿರಲಿಲ್ಲ, ಅವನು ಪ್ರಾಮಾಣಿಕವಾಗಿಯೇ ದಾರಿ ತಪ್ಪಿದ್ದ. ಹೋದದ್ದು ಆರು, ಬಂದದ್ದು ಆರು, ಹನ್ನೆರಡು ಕಿಲೋಮೀಟರು ಸುಮ್ಮನೆ ಹೋಯಿತು. ಆದರೆ ಶೀನಣ್ಣ ಅಂದು ಅನ್ನ ಕಲಸಿಸಿಕೊಂಡು ಉಂಡರು. ಮುಂದಿನ ಎರಡು ದಿನ ಪ್ರವಾಸ ಮೊದಲಿನಂತೆ ನಡೆಯಿತು. ದ್ರಾಕ್ಷಿ ತೋಟಗಳು ಹೋದವು, ಗಾಳಿಗಿರಣಿಗಳು ಹೋದವು. ಸಿಂತ್ರಾ ಎಂಬ ಬೆಟ್ಟದೂರಿನಲ್ಲಿ ಸಂಜೆಯಾಯಿತು.

ಮೂರನೆಯ ಬೆಳಿಗ್ಗೆ ಸಮುದ್ರದ ಕಡೆಯ ಗಾಳಿ ಎಂದು ಶೀನಣ್ಣ ಫ್ಯಾನನ್ನು ಮೂರರಲ್ಲಿ ಹಾಕಿಸಿದರು. ವಾದಿರಾಜ ಬಗ್ಗಿ ತುಳಿದ. ಫ್ಯಾನಿನ ಸದ್ದಿನಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ. ಒಂಬತ್ತು ಕಿಲೋಮೀಟರು ಆದ ಮೇಲೆ ತಲೆ ಎತ್ತಿ ಕೂಗಿ ಹೇಳಿದ. “ಅಣ್ಣಾ, ಅರ್ಧ ಮುಗೀತು. ಇನ್ನು ಒಂಬತ್ತೇ. ಪೂರ್ವದ ಕಡೆಯಿಂದ ಉಪ್ಪಿನ ವಾಸನೆ ಬರ್ತಿದೆ.”

ಹೇಳಿದ ಕೂಡಲೇ ಅವನಿಗೇ ತಪ್ಪು ಗೊತ್ತಾಯಿತು. ಬೈಗುಳಕ್ಕೆ ಕಾದ. ಬರಲಿಲ್ಲ.

“ಪೂರ್ವ ಅಂದೆ ಅಣ್ಣಾ,” ಎಂದ.

ಪೆಡಲು ನಿಲ್ಲಿಸಿದ. ಚಕ್ರ ತನ್ನ ಪಾಡಿಗೆ ಇನ್ನೂ ನಾಲ್ಕು ಸುತ್ತು ಸುತ್ತಿತು. ಇಳಿದು ಕಿಟಕಿಯ ಹತ್ತಿರ ಹೋದ. ಶೀನಣ್ಣನ ಎಡಗೈ ನಕ್ಷೆಯ ಮೇಲೇ ಇತ್ತು, ಕಣ್ಣು ಅರ್ಧ ತೆರೆದಿತ್ತು. ವಾದಿರಾಜ ಕಿಟಕಿಯ ಸರಳಿನೊಳಗೆ ಕೈ ಹಾಕಿ ಆ ಕೈ ಹಿಡಿದುಕೊಂಡು, ಚಿಕ್ಕ ಹುಡುಗನ ಹಾಗೆ ಜೋರಾಗಿ ಅತ್ತ.

ನದಿ ದಾಟಿ ಹನ್ನೆರಡು ಕಿಲೋಮೀಟರು ಕಳೆಯದೆ ಇದ್ದಿದ್ದರೆ ಅಣ್ಣ ಸಮುದ್ರ ನೋಡಿಯೇ ಹೋಗುತ್ತಿದ್ದರು. ನದಿ ದಾಟದೆ ಇದ್ದಿದ್ದರೆ ಗೋಡೆ ನೋಡಿಕೊಂಡು ಹೋಗುತ್ತಿದ್ದರು. ಇದನ್ನು ವಾದಿರಾಜ ಬಂದವರಿಗೆಲ್ಲ ಹೇಳಿದ. ಬಂದವರು ಏನೂ ಅರ್ಥವಾಗದೆ, ಆಯುಸ್ಸು ಅಷ್ಟೇ ಇತ್ತು ಬಿಡಿ ಎಂದರು. ಮಹಾನಂದ ಹಾರ ತಂದಿದ್ದರು. ಭಾಷಣ ಮಾಡಲಿಲ್ಲ, ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಂಡರು.

ಹದಿಮೂರು ದಿನದ ಕರ್ಮಗಳು ಮುಗಿದವು. ಹದಿನಾಲ್ಕನೆಯ ಬೆಳಿಗ್ಗೆ, ನೆಂಟರಿಷ್ಟರು ಇನ್ನೂ ಮನೆಯಲ್ಲಿರುವಾಗಲೇ, ವಾದಿರಾಜ ಬೋಳಿಸಿದ ತಲೆಯಲ್ಲಿ ಹಿತ್ತಲಿಗೆ ಹೋಗಿ ಸೈಕಲ್ ಹತ್ತಿದ. ಮತ್ತಿಕೆರೆಯ ಅತ್ತೆ, “ಅಯ್ಯೋ, ಹಿಡ್ಕೊಳ್ರೋ, ತಲೆ ಕೆಟ್ಟಿದೆ,” ಎಂದರು. ಇಬ್ಬರು ಮುಂದೆ ಬಂದರು. ಪ್ರಿಯಂವದಾ ಅವರನ್ನು ದಾಟಿಕೊಂಡು ಹೋಗಿ, ಫ್ಯಾನನ್ನು ಎತ್ತಿ ಗಂಡನ ಮುಖಕ್ಕೆ ನೇರವಾಗಿ ಇಟ್ಟು ಸ್ವಿಚ್ ಹಾಕಿದಳು. ನಕ್ಷೆ ಬಿಡಿಸಿ ಶೀನಣ್ಣನ ಮಂಚದ ಮೇಲೆ ಕೂತಳು. ಊರ ಹೆಸರುಗಳನ್ನು ಅಕ್ಷರ ಕೂಡಿಸಿಕೊಂಡು ಒಂದೊಂದಾಗಿ ಓದಿದಳು. ಪಿಳ್ಳಮ್ಮ ಬುಟ್ಟಿ ಇಳಿಸಿ ಕಡೆಯವರೆಗೂ ನಿಂತಳು.

“ಇಲ್ಲಿಗೆ ದಾರಿ ಮುಗೀತು ಕಣ್ರೀ,” ಎಂದಳು ಪ್ರಿಯಂವದಾ. “ಮುಂದೆ ಬರೀ ನೀಲಿ.”

ಮರುದಿನ ವಾದಿರಾಜ ಕಚೇರಿಗೆ ಹೋಗಿ, ಕೆಲಸಕ್ಕೆ ಹಾಜರಾದ ವರದಿಯ ಜೊತೆಗೆ ಇನ್ನೊಂದು ಕಾಗದವನ್ನೂ ಚಂದ್ರಶೇಖರಯ್ಯನವರ ಮೇಜಿನ ಮೇಲಿಟ್ಟ. ಹಿಂದೆ ಕೊಟ್ಟ ಹೇಳಿಕೆ ಸುಳ್ಳು, ನಾನೂ ನನ್ನ ಅಣ್ಣನವರೂ ಅನುಮತಿಯಿಲ್ಲದೆ ಸ್ಪೇನ್ ಹಾಗೂ ಪೋರ್ಚುಗಲ್ ದೇಶಗಳಲ್ಲಿ ಪ್ರವಾಸ ಮಾಡಿದ್ದೇವೆ, ಯಾವ ಕ್ರಮ ಕೈಗೊಂಡರೂ ಬದ್ಧನಾಗಿದ್ದೇನೆ.

ಚಂದ್ರಶೇಖರಯ್ಯನವರು ನಿಧಾನವಾಗಿ ಓದಿದರು. “ಕೇಸು ಮುಚ್ಚಾಗಿದೆ ವಾದಿರಾಜ್,” ಎಂದರು. “ಇದನ್ನ ಈಗ ತಗೊಂಡ್ರೆ ನಿಮ್ಮನ್ನೂ ವಿಚಾರಣೆ ಮಾಡ್ತಾರೆ, ನನ್ನನ್ನೂ ಮಾಡ್ತಾರೆ.”

ವಾದಿರಾಜ ಅಷ್ಟು ಯೋಚಿಸಿರಲಿಲ್ಲ. ಆದರೂ ಕಾಗದ ವಾಪಸ್ಸು ತೆಗೆದುಕೊಳ್ಳಲು ಅವನ ಕೈ ಏಳಲಿಲ್ಲ. “ಅಣ್ಣನ ಹೆಬ್ಬೆಟ್ಟು ಅದರ ಮೇಲೆ ಹಾಗೇ ಉಳಿಯುತ್ತೆ ಸಾರ್,” ಎಂದ.

ಚಂದ್ರಶೇಖರಯ್ಯನವರು ಬಹಳ ಹೊತ್ತು ಅವನ ಬೋಳು ತಲೆಯನ್ನು ನೋಡಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, ಪೆನ್ನಿನ ಮುಚ್ಚಳ ತೆಗೆದರು.

“ಹೋದವರು ಎಷ್ಟು ಜನ?”

“ಇಬ್ಬರು ಸಾರ್.”

ಅವರು ಬರೆದುಕೊಂಡರು. “ವಾಪಸ್ ಬಂದವರು?”

ಪಕ್ಕದ ಮೇಜುಗಳ ಟೈಪಿನ ಸದ್ದು ನಿಂತಿತ್ತು.

“ನಾನೊಬ್ಬನೇ ಸಾರ್,” ಎಂದ.